ಆಸ್ಪತ್ರೆಯ ಸ್ಮೃತಿ

ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಮಲಗಿರುವವನನ್ನು ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಅವನ ವೈದ್ಯನು ಕಣ್ಣಾರೆ ಕಾಣುವುದು ಕೆಲವೇ ನಿಮಿಷಗಳ ಕಾಲ. ಉಳಿದ ಹೊತ್ತಿನಲ್ಲೆಲ್ಲ ಅವನ ಪರವಾಗಿ ಮಾತನಾಡತಕ್ಕುದು ಅವನ ಕೇಸ್ ಶೀಟು. ರಾತ್ರಿಯ ಪಾಳಿಗೆ ಬಂದ ನರ್ಸು, ಔಷಧವನ್ನು ಎಣಿಸಿಕೊಡುವ ಫಾರ್ಮಸಿಸ್ಟ್, ರಕ್ತವನ್ನು ಪರೀಕ್ಷಿಸುವ ಪ್ರಯೋಗಾಲಯದವರು, ಮರುದಿನ ಶಸ್ತ್ರಕ್ರಿಯೆ ನಡೆಸಲಿರುವ ಸರ್ಜನ್, ಅರಿವಳಿಕೆ ಕೊಡುವವರು, ಇವರಲ್ಲಿ ಬಹುಮಂದಿ ಆ ಮನುಷ್ಯನನ್ನು ಹಿಂದೆಂದೂ ನೋಡಿದವರಲ್ಲ. ಅವನಿಗೆ ಯಾವ ಔಷಧ ಒಗ್ಗುವುದಿಲ್ಲ, ಕಳೆದ ಬಾರಿ ಜ್ವರಕ್ಕೆ ಏನನ್ನು ಕೊಟ್ಟಿದ್ದರು, ಮೂತ್ರಪಿಂಡಗಳ ಶಕ್ತಿ ಎಷ್ಟು ಉಳಿದಿದೆ ಎಂಬುದನ್ನೆಲ್ಲ ಅವರು ಬರೆಹದ ಮೂಲಕವೇ ಅರಿಯಬೇಕು. ಹೀಗಿರುವುದರಿಂದ ಆಸ್ಪತ್ರೆಯು ಎಷ್ಟರ ಮಟ್ಟಿಗೆ ಕೈಗಳ ಕೌಶಲವನ್ನು ನೆಚ್ಚಿಕೊಂಡಿದೆಯೋ ಅಷ್ಟರ ಮಟ್ಟಿಗೇ ನೆನಪನ್ನೂ ನೆಚ್ಚಿಕೊಂಡಿದೆ. ಆ ನೆನಪು ಕೆಟ್ಟಿತಾದರೆ ಕೌಶಲವು ನಿರರ್ಥಕವಾಗುವುದಷ್ಟೇ ಅಲ್ಲ, ಅಪಾಯಕ್ಕೂ ಕಾರಣವಾಗಬಹುದು.

ಬಹುಕಾಲದವರೆಗೆ ಈ ನೆನಪು ಕಾಗದದಲ್ಲಿದ್ದಿತು. ನಮ್ಮ ಎಷ್ಟೋ ಆಸ್ಪತ್ರೆಗಳಲ್ಲಿ ಈಗಲೂ ಕಾಗದದಲ್ಲಿಯೇ ಇದೆ. ಇದನ್ನು ಕಂಪ್ಯೂಟರಿಗೆ ಒಪ್ಪಿಸಿ, ಬೇಕಾದವರಿಗೆ ಬೇಕಾದ ಕ್ಷಣದಲ್ಲಿ ದೊರಕುವಂತೆ ಮಾಡುವ ವ್ಯವಸ್ಥೆಗೆ ವಿದ್ಯುನ್ಮಾನ ಆರೋಗ್ಯ ದಾಖಲೆಯೆಂದು ಹೆಸರು. ಅಂತಹ ವ್ಯವಸ್ಥೆಗಳನ್ನು ಕಟ್ಟಿ ಆಸ್ಪತ್ರೆಗಳಿಗೆ ಒದಗಿಸುವ ಕಂಪನಿಗಳು ಇಂದು ಜಗತ್ತಿನಲ್ಲಿ ಹಲವಿದ್ದರೂ, ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ವೆರೋನಾ ಎಂಬ ಸಣ್ಣ ಊರಿನಲ್ಲಿ ನೆಲೆಸಿರುವ ಎಪಿಕ್ ಸಿಸ್ಟಮ್ಸ್ ಅವುಗಳಲ್ಲಿ ಅತ್ಯಂತ ಪ್ರಭಾವಶಾಲಿಯಾದುದು. ಅಮೆರಿಕದ ಆಸ್ಪತ್ರೆಗಳ ಹಾಸಿಗೆಗಳಲ್ಲಿ ಅರ್ಧಕ್ಕೂ ಹೆಚ್ಚಿನವುಗಳ ದಾಖಲೆ ಇಂದು ಅದರ ತಂತ್ರಾಂಶದಲ್ಲಿದೆ. ಈ ಕಂಪನಿಯ ಚರಿತ್ರೆಯನ್ನು ಅರಿಯುವುದು ಒಂದು ವ್ಯಾಪಾರದ ಕಥೆಯನ್ನು ಕೇಳಿದಂತಷ್ಟೇ ಅಲ್ಲ. ರೋಗಿಯ ದಾಖಲೆಯು ಯಾರ ಪ್ರಶ್ನೆಗೆ ಉತ್ತರ ಹೇಳುವುದಕ್ಕಾಗಿ ಇದೆ, ರೋಗಿಗೆ ಆರೈಕೆ ಮಾಡುವವರ ಪ್ರಶ್ನೆಗೋ ಅಥವಾ ಹಣ ಎಣಿಸುವವರ ಪ್ರಶ್ನೆಗೋ ಎಂಬ ವಿಚಾರವು ಆ ಚರಿತ್ರೆಯ ಉದ್ದಕ್ಕೂ ಹರಿದಿದೆ. ನಮ್ಮ ದೇಶವೂ ಈಗ ಅದೇ ದಾರಿಯಲ್ಲಿ ಹೆಜ್ಜೆಯಿಡುತ್ತಿರುವುದರಿಂದ ಆ ವಿಚಾರ ನಮಗೂ ಸಂಬಂಧಪಟ್ಟದ್ದು.

ಈ ಕಥೆಯ ಮೂಲವನ್ನು ಅರಸುತ್ತ ಹೋದರೆ ಮೊದಲು ಎದುರಾಗುವವರು ವ್ಯಾಪಾರಿಗಳಲ್ಲ, ವೈದ್ಯರು. ಲಾರೆನ್ಸ್ ವೀಡ್ ಎಂಬ ಅಮೆರಿಕದ ವೈದ್ಯರು 1968ರಲ್ಲಿ ನ್ಯೂ ಇಂಗ್ಲೆಂಡ್ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಅಂದಿನ ಕೇಸ್ ಶೀಟುಗಳ ಅವ್ಯವಸ್ಥೆಯನ್ನು ವಿವರಿಸಿ, ದಾಖಲೆಯನ್ನು ಬಂದ ಕಾಗದಗಳ ಕಂತೆಯಾಗಿ ಇಡದೆ ರೋಗಿಯ ಸಮಸ್ಯೆಗಳ ಸುತ್ತ ಕಟ್ಟಬೇಕೆಂದು ವಾದಿಸಿದರು. ರೋಗಿಗೆ ಇರುವ ಸಮಸ್ಯೆಗಳು ಇವು. ಪ್ರತಿಯೊಂದರ ವಿಷಯವಾಗಿ ರೋಗಿ ಹೇಳಿದ್ದು ಇದು, ವೈದ್ಯನು ಕಂಡದ್ದು ಇದು, ಅದರಿಂದ ಊಹಿಸಿದ್ದು ಇದು, ಇನ್ನು ಮುಂದೆ ಮಾಡಬೇಕೆಂದಿರುವುದು ಇದು ಎಂದು ಕ್ರಮವಾಗಿ ಬರೆಯುವ ಪದ್ಧತಿ ಅವರದೇ ಕೊಡುಗೆ. ಇಂದು ಬೆಂಗಳೂರಿನ ವೈದ್ಯವಿದ್ಯಾರ್ಥಿಯೂ ಅದನ್ನೇ ಕಲಿಯುತ್ತಾನೆ. ದಾಖಲೆಯು ವೈದ್ಯನ ಆಲೋಚನೆಗೆ ಶಿಸ್ತನ್ನು ಕೊಡುವ ಉಪಕರಣವಾಗಬೇಕು, ಅವನ ಚಿಂತನೆಯ ಲೋಪಗಳನ್ನು ಇನ್ನೊಬ್ಬರು ಕಂಡು ತಿದ್ದುವಂತಿರಬೇಕು ಎಂಬುದು ವೀಡ್ ಅವರ ಆಶಯವಾಗಿದ್ದಿತು. ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಅವರು ಇದಕ್ಕಾಗಿ ಕಂಪ್ಯೂಟರನ್ನೂ ಬಳಸಿದರು. ಪರದೆಯನ್ನು ಬೆರಳಿನಿಂದ ಮುಟ್ಟಿ ದಾಖಲೆ ಬರೆಯುವ ಸೌಕರ್ಯವು 1970ರ ದಶಕದಲ್ಲಿಯೇ ಅವರ ವ್ಯವಸ್ಥೆಯಲ್ಲಿದ್ದಿತೆಂಬುದನ್ನು ನೆನೆದರೆ ಆ ದೂರದೃಷ್ಟಿಗೆ ಮನಸ್ಸು ತಲೆಬಾಗುತ್ತದೆ.

ಇದೇ ಕಾಲದಲ್ಲಿ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ, ವೈದ್ಯರಾದ ಆಕ್ಟೋ ಬಾರ್ನೆಟ್ ಅವರ ಪ್ರಯೋಗಾಲಯದವರು, ಆಸ್ಪತ್ರೆಯ ಕೆಲಸಕ್ಕೆಂದೇ 1960ರ ದಶಕದ ಉತ್ತರಾರ್ಧದಲ್ಲಿ ಮಂಪ್ಸ್ ಎಂಬ ಕಂಪ್ಯೂಟರ್ ಭಾಷೆಯೊಂದನ್ನು ರೂಪಿಸಿದರು. ಶಾನುಭೋಗರ ಲೆಕ್ಕದ ಪುಸ್ತಕದಂತೆ ಗೆರೆ ಎಳೆದು ಮಾಡಿದ ಸಮಾನವಾದ ಮನೆಗಳಲ್ಲಿ ರೋಗಿಗಳ ವೃತ್ತಾಂತವನ್ನು ತುಂಬಲು ಹೋದರೆ ಬಹುಪಾಲು ಮನೆಗಳು ಬರಿದಾಗಿ ಉಳಿಯುತ್ತವೆ. ಏಕೆಂದರೆ ಒಬ್ಬನಿಗೆ ಸಾವಿರ ಪರೀಕ್ಷೆಗಳಾಗಿದ್ದರೆ ಇನ್ನೊಬ್ಬನಿಗೆ ಆಗಿರುವುದು ಎರಡೇ. ಮಂಪ್ಸ್ ಭಾಷೆಯು ಪ್ರತಿಯೊಬ್ಬನ ವಿವರವನ್ನೂ ಇದ್ದಷ್ಟು ಮಾತ್ರ, ಒಂದರಿಂದ ಒಂದು ಕವಲೊಡೆಯುವ ಕ್ರಮದಲ್ಲಿ ಇರಿಸಿಕೊಳ್ಳುತ್ತಿದ್ದುದರಿಂದ, ಅಂದಿನ ಅಲ್ಪಶಕ್ತಿಯ ಯಂತ್ರಗಳಲ್ಲಿಯೂ ಸಾವಿರಾರು ರೋಗಿಗಳ ದಾಖಲೆ ಶೀಘ್ರವಾಗಿ ದೊರೆಯುವುದು ಸಾಧ್ಯವಾಯಿತು. ಅರ್ಧ ಶತಮಾನಕ್ಕೂ ಹಿಂದಿನ ಆ ಭಾಷೆಯ ವಂಶವೇ ಎಪಿಕ್ ತಂತ್ರಾಂಶದ ತಳಹದಿಯಲ್ಲಿ ಇಂದಿಗೂ ಇದೆ.

ಗಣಿತವನ್ನೂ ಕಂಪ್ಯೂಟರ್ ವಿಜ್ಞಾನವನ್ನೂ ಅಭ್ಯಾಸ ಮಾಡಿದ ಜ್ಯೂಡಿತ್ ಫಾಕ್ನರ್ ಎಂಬ ಮಹಿಳೆಯು ವಿಸ್ಕಾನ್ಸಿನ್‌ನ ಮ್ಯಾಡಿಸನ್ ನಗರದಲ್ಲಿ, ವಿಶ್ವವಿದ್ಯಾಲಯದ ವೈದ್ಯರ ಕೋರಿಕೆಯ ಮೇಲೆ ರೋಗಿಗಳ ಮಾಹಿತಿಯನ್ನು ಕಾಲಾನುಕ್ರಮದಲ್ಲಿ ಕೂಡಿಡುವ ತಂತ್ರಾಂಶವೊಂದನ್ನು ಬರೆದುಕೊಟ್ಟಿದ್ದರು. ಅದರ ಉಪಯುಕ್ತತೆಯನ್ನು ಕಂಡವರು ಒತ್ತಾಯಪಡಿಸಿದ್ದರಿಂದ ಅವರು 1979ರಲ್ಲಿ, ಸ್ನೇಹಿತರಿಂದಲೂ ಬಂಧುಗಳಿಂದಲೂ ಒಟ್ಟುಗೂಡಿಸಿದ ಸುಮಾರು 70,000 ಡಾಲರ್ ಬಂಡವಾಳದಿಂದ, ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಎಪಿಕ್ ಕಂಪನಿಯನ್ನು ಪ್ರಾರಂಭಿಸಿದರು. ಷೇರುಪೇಟೆಗೆ ಹೋಗಬಾರದು, ಬೇರೆ ಕಂಪನಿಗಳನ್ನು ಕೊಳ್ಳಬಾರದು, ತಾನೂ ಯಾರಿಗೂ ಮಾರಾಟವಾಗಬಾರದು ಎಂಬ ನಿಯಮಗಳನ್ನು ಅವರು ಹಾಕಿಕೊಂಡರು. ಇಂದಿನವರೆಗೂ ಅವು ಮುರಿದಿಲ್ಲ. ತಮ್ಮ ಸಂಪತ್ತಿನ ನೂರಕ್ಕೆ ತೊಂಬತ್ತೊಂಬತ್ತು ಭಾಗವನ್ನು ದಾನವಾಗಿ ಕೊಡುವುದಾಗಿ ಅವರು 2015ರಲ್ಲಿ ಬಹಿರಂಗವಾಗಿ ವಚನವಿತ್ತರು. ಪ್ರತಿ ಮೂರು ತಿಂಗಳಿಗೊಮ್ಮೆ ಷೇರುದಾರರಿಗೆ ಲಾಭ ತೋರಿಸಬೇಕಾದ ಒತ್ತಡವಿಲ್ಲದ ಕಂಪನಿಯು ನಿಧಾನವಾಗಿ, ದೀರ್ಘಕಾಲದ ಫಲವನ್ನು ನೋಡಿ ಕೆಲಸ ಮಾಡಬಲ್ಲದು. ಇದು ಎಪಿಕ್ ಕಂಪನಿಯ ಬಲವೆಂದು ನನ್ನ ಭಾವನೆ. ಅದೇ ಕಾರಣದಿಂದ ಹೊರಗಿನವರ ಪ್ರಶ್ನೆಗೆ ಉತ್ತರ ಹೇಳಬೇಕಾದ ಹೊಣೆಯೂ ಅದಕ್ಕೆ ಕಡಮೆಯೆಂಬುದನ್ನು ಜೊತೆಗೇ ಹೇಳಬೇಕು.

ಈ ತಂತ್ರಾಂಶವು ಮಾಡುವ ಕೆಲಸವೇನೆಂಬುದನ್ನು ಒಂದು ಗುಳಿಗೆಯ ಪ್ರಯಾಣವನ್ನು ಹಿಂಬಾಲಿಸಿದರೆ ಸುಲಭವಾಗಿ ತಿಳಿಯಬಹುದು. ವೈದ್ಯನು ಪರದೆಯ ಮೇಲೆ ಔಷಧದ ಹೆಸರನ್ನೂ ಪ್ರಮಾಣವನ್ನೂ ಬರೆಯುತ್ತಲೇ, ರೋಗಿಗೆ ಒಗ್ಗದ ಔಷಧಗಳ ಪಟ್ಟಿ, ಅವನು ಸೇವಿಸುತ್ತಿರುವ ಇತರ ಔಷಧಗಳು, ಅವನ ತೂಕ, ಹಿಂದಿನ ರಕ್ತಪರೀಕ್ಷೆಯ ಫಲಿತಾಂಶ, ಇವುಗಳೊಡನೆ ಕಂಪ್ಯೂಟರು ಅದನ್ನು ಹೋಲಿಸಿ ನೋಡಿ, ವಿರೋಧ ಕಂಡುಬಂದರೆ ಎಚ್ಚರಿಕೆ ಕೊಡುತ್ತದೆ. ಬಳಿಕ ಆ ಆದೇಶವು ಫಾರ್ಮಸಿಸ್ಟರ ಪರದೆಗೆ ಹೋಗುತ್ತದೆ. ಅವರು ಒಪ್ಪಿದ ಮೇಲೆ ಔಷಧ ಪೊಟ್ಟಣದಲ್ಲಿ ಸಿದ್ಧವಾಗುತ್ತದೆ. ನರ್ಸು ರೋಗಿಯ ಮಣಿಕಟ್ಟಿಗೆ ಕಟ್ಟಿದ ಪಟ್ಟಿಯ ಬಾರ್‌ಕೋಡನ್ನೂ ಪೊಟ್ಟಣದ ಬಾರ್‌ಕೋಡನ್ನೂ ಯಂತ್ರಕ್ಕೆ ತೋರಿಸಿ, ಎರಡೂ ಹೊಂದಿದರೆ ಮಾತ್ರ ಗುಳಿಗೆಯನ್ನು ಕೊಡುತ್ತಾರೆ. ಕೊಟ್ಟ ಕ್ಷಣ ದಾಖಲೆಯಾಗುತ್ತದೆ, ಬಿಲ್ಲಿಗೂ ಸೇರುತ್ತದೆ. ಅಕ್ಷರ ತಿಳಿಯದೆ ಒಂದು ಔಷಧಕ್ಕೆ ಬದಲಾಗಿ ಇನ್ನೊಂದನ್ನು ಕೊಡುವ, ಪಕ್ಕದ ಹಾಸಿಗೆಯವನ ಇಂಜೆಕ್ಷನ್ನನ್ನು ಇವನಿಗೆ ಚುಚ್ಚುವ ಪ್ರಮಾದಗಳು ಇದರಿಂದ ತಪ್ಪುತ್ತವೆಂಬುದರಲ್ಲಿ ಸಂಶಯವಿಲ್ಲ. ಅಮೆರಿಕದ ಆಸ್ಪತ್ರೆಗಳಲ್ಲಿ ವೈದ್ಯಕೀಯ ಪ್ರಮಾದಗಳಿಂದ ವರ್ಷಕ್ಕೆ 44,000ದಿಂದ 98,000 ಜನರು ಸಾಯುತ್ತಿರಬಹುದೆಂದು ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಸಂಸ್ಥೆಯು 1999ರಲ್ಲಿ ಅಂದಾಜು ಮಾಡಿ ವರದಿಯಿತ್ತಾಗ ದೇಶವೇ ಬೆಚ್ಚಿತು. ದಾಖಲೆಗಳನ್ನು ಕಂಪ್ಯೂಟರಿಗೆ ತರಬೇಕೆಂಬ ಕೂಗಿಗೆ ಅಲ್ಲಿಂದ ಬಲ ಬಂದಿತು.

ಕೂಗು ಎಷ್ಟೇ ಇದ್ದರೂ ಆಸ್ಪತ್ರೆಗಳು ಬೇಗ ಮುಂದೆ ಬರಲಿಲ್ಲ, ಏಕೆಂದರೆ ಖರ್ಚು ವಿಪರೀತವಾಗಿದ್ದಿತು. ಕ್ಯಾಲಿಫೋರ್ನಿಯಾದ ಕೈಸರ್ ಪರ್ಮನೆಂಟೆ ಸಂಸ್ಥೆಯು 2003ರಲ್ಲಿ ಎಪಿಕ್ ಕಂಪನಿಯನ್ನು ಆರಿಸಿಕೊಂಡು, ತನ್ನ ಎಲ್ಲ ಆಸ್ಪತ್ರೆಗಳಲ್ಲಿಯೂ ಅದನ್ನು ನೆಲೆಗೊಳಿಸುವುದಕ್ಕೆ ಸುಮಾರು 400 ಕೋಟಿ ಡಾಲರ್ ವೆಚ್ಚ ಮಾಡಿತು. ಎಪಿಕ್ ದೊಡ್ಡ ಕಂಪನಿಯಾದುದು ಆ ಒಪ್ಪಂದದಿಂದಲೇ. ಬಾಸ್ಟನ್ ಪ್ರಾಂತದ ಪಾರ್ಟ್ನರ್ಸ್ ಆಸ್ಪತ್ರೆಗಳ ಸಮೂಹದಲ್ಲಿ ಇದಕ್ಕಾದ ವೆಚ್ಚ 160 ಕೋಟಿ ಡಾಲರ್. ಅದರಲ್ಲಿ ತಂತ್ರಾಂಶದ ಬೆಲೆ 10 ಕೋಟಿಗಿಂತ ಕಡಮೆ, ಮಿಕ್ಕಿದ್ದೆಲ್ಲ ಸಿಬ್ಬಂದಿಯ ತರಬೇತಿಗೂ, ಹೊಂದಾಣಿಕೆಯ ಕೆಲಸಕ್ಕೂ, ಕಲಿಯುವ ದಿನಗಳಲ್ಲಿ ಕಡಮೆ ರೋಗಿಗಳನ್ನು ನೋಡಿದ್ದರಿಂದಾದ ನಷ್ಟಕ್ಕೂ ಹೋದದ್ದೆಂದು, ಅಲ್ಲಿನ ಸರ್ಜನ್ ಆಗಿದ್ದ ಭಾರತೀಯ ಮೂಲದ ಅತುಲ್ ಗವಾಂಡೆ 2018ರಲ್ಲಿ ಬರೆದಿದ್ದಾರೆ. 2008ರಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ನೂರಕ್ಕೆ ಹತ್ತರಷ್ಟು ಕೂಡ ಇಂತಹ ವ್ಯವಸ್ಥೆಯನ್ನು ಹೊಂದಿರಲಿಲ್ಲ. ಆರ್ಥಿಕ ಕುಸಿತದಿಂದ ದೇಶವನ್ನು ಮೇಲೆತ್ತುವುದಕ್ಕೆಂದು 2009ರ ಫೆಬ್ರವರಿಯಲ್ಲಿ ಮಾಡಿದ ಶಾಸನದ ಒಂದು ಭಾಗವು, ದಾಖಲೆಯ ವ್ಯವಸ್ಥೆಯನ್ನು ಅಳವಡಿಸಿಕೊಂಡ ಆಸ್ಪತ್ರೆಗಳಿಗೂ ವೈದ್ಯರಿಗೂ ಧನಸಹಾಯವನ್ನು ಒದಗಿಸಿ, ಅಳವಡಿಸಿಕೊಳ್ಳದವರಿಗೆ ಮುಂದೆ ದಂಡವನ್ನು ವಿಧಿಸಿತು. ಕಾಲಕ್ರಮದಲ್ಲಿ 3,000 ಕೋಟಿ ಡಾಲರಿಗೂ ಮಿಕ್ಕು ಹಣ ಹೀಗೆ ಹಂಚಿಕೆಯಾಯಿತು. 2015ರ ಹೊತ್ತಿಗೆ ನೂರಕ್ಕೆ ಎಂಬತ್ತಕ್ಕೂ ಮೇಲ್ಪಟ್ಟು ಆಸ್ಪತ್ರೆಗಳು ಕಾಗದವನ್ನು ಬಿಟ್ಟಿದ್ದವು. ಅಷ್ಟು ಅಲ್ಪಕಾಲದಲ್ಲಿ ಅಷ್ಟು ದೊಡ್ಡ ಬದಲಾವಣೆಯನ್ನು ಹಣವು ತರಬಲ್ಲುದಾದರೂ, ಆ ಬದಲಾವಣೆಯನ್ನು ಅರಗಿಸಿಕೊಳ್ಳುವ ವ್ಯವಧಾನವನ್ನು ಅದು ತರಲಾರದು.

ಒಳ್ಳೆಯ ದಾಖಲೆ ಏನು ಮಾಡಬಲ್ಲದೆಂಬುದಕ್ಕೆ ಮಿಷಿಗನ್ ಸಂಸ್ಥಾನದ ಫ್ಲಿಂಟ್ ನಗರದ ಪ್ರಸಂಗಕ್ಕಿಂತ ಮಿಗಿಲಾದ ನಿದರ್ಶನ ನನಗೆ ತಿಳಿಯದು. ಆ ಬಡ ನಗರದ ಆಡಳಿತವು ಹಣ ಉಳಿಸುವ ಉದ್ದೇಶದಿಂದ 2014ರ ಏಪ್ರಿಲಿನಲ್ಲಿ ಕುಡಿಯುವ ನೀರಿನ ಮೂಲವನ್ನು ಬದಲಾಯಿಸಿ, ಫ್ಲಿಂಟ್ ನದಿಯ ನೀರನ್ನು ಕೊಳವೆಗಳಿಗೆ ಬಿಟ್ಟಿತು. ಆ ನೀರಿಗೆ ಕೊಳವೆ ಸವೆಯದಂತೆ ಕಾಪಾಡುವ ರಾಸಾಯನಿಕವನ್ನು ಸೇರಿಸದೆ ಇದ್ದುದರಿಂದ, ಹಳೆಯ ಕೊಳವೆಗಳ ಸೀಸ ಕರಗಿ ನಲ್ಲಿಗಳಿಗೆ ಬಂದಿತು. ಜನರು ನೀರಿನ ಬಣ್ಣವನ್ನೂ ವಾಸನೆಯನ್ನೂ ದೂರಿಕೊಂಡರು; ಅಧಿಕಾರಿಗಳು ನೀರು ಶುದ್ಧವಾಗಿದೆಯೆಂದೇ ಹೇಳುತ್ತ ಬಂದರು. ಸೀಸವು ಮಕ್ಕಳ ಮಿದುಳನ್ನು ಮರಳಿ ಸರಿಪಡಿಸಲಾಗದಂತೆ ಕೆಡಿಸುವ ವಿಷ. ಅಲ್ಲಿನ ಹರ್ಲಿ ಆಸ್ಪತ್ರೆಯ ಮಕ್ಕಳ ವೈದ್ಯೆ ಮೋನಾ ಹನ್ನಾ-ಅತೀಶಾ, ತಮ್ಮ ಆಸ್ಪತ್ರೆಯ ಎಪಿಕ್ ದಾಖಲೆಗಳಲ್ಲಿ ಈ ಹಿಂದೆಯೇ ಸೇರಿದ್ದ ಮಕ್ಕಳ ರಕ್ತಪರೀಕ್ಷೆಯ ಫಲಿತಾಂಶಗಳನ್ನು ಒಟ್ಟುಗೂಡಿಸಿ, ನೀರು ಬದಲಾಗುವುದಕ್ಕೆ ಹಿಂದಿನ ಕಾಲವನ್ನೂ ಆಮೇಲಿನ ಕಾಲವನ್ನೂ ಹೋಲಿಸಿದಾಗ, ರಕ್ತದಲ್ಲಿ ಸೀಸದ ಪ್ರಮಾಣ ಮಿತಿಮೀರಿದ ಐದು ವರ್ಷದೊಳಗಿನ ಮಕ್ಕಳ ಸಂಖ್ಯೆ ನೂರಕ್ಕೆ 2.4ರಿಂದ 4.9ಕ್ಕೆ, ಎಂದರೆ ಎರಡು ಪಟ್ಟಿಗೆ ಏರಿದ್ದುದು ಕಂಡುಬಂದಿತು. ವೈದ್ಯಪತ್ರಿಕೆಯಲ್ಲಿ ಪ್ರಕಟವಾಗುವವರೆಗೆ ಕಾಯದೆ, 2015ರ ಸೆಪ್ಟೆಂಬರ್ 24ರಂದು ಅವರು ಇದನ್ನು ಪತ್ರಿಕಾಗೋಷ್ಠಿಯಲ್ಲಿಯೇ ಹೊರಗಿಟ್ಟರು. ಸರಕಾರದವರು ಮೊದಲು ಅವರ ಲೆಕ್ಕವನ್ನೇ ಹಳಿದರು. ಆಮೇಲೆ ಸರಕಾರದ್ದೇ ಲೆಕ್ಕ ಅದನ್ನು ದೃಢಪಡಿಸಿತು. ಅಕ್ಟೋಬರಿನಲ್ಲಿ ಹಳೆಯ ನೀರಿನ ಮೂಲಕ್ಕೆ ನಗರ ಹಿಂದಿರುಗಿತು. ಸಾವಿರಾರು ಕಾಗದದ ಕಡತಗಳನ್ನು ಒಂದೊಂದಾಗಿ ಬಿಚ್ಚಿ ಈ ಕೆಲಸವನ್ನು ಮಾಡಬೇಕಾಗಿದ್ದಿದ್ದರೆ ಎಷ್ಟು ಮಕ್ಕಳು ಇನ್ನೆಷ್ಟು ತಿಂಗಳು ಆ ನೀರನ್ನು ಕುಡಿಯುತ್ತಿದ್ದರೆಂಬುದನ್ನು ಯೋಚಿಸಬೇಕು. ಚದರಿಹೋಗಿದ್ದ ನೋವುಗಳನ್ನು ಒಂದೆಡೆ ಕೂಡಿಸಿ, ಅವು ಒಂದೇ ಕಾರಣದಿಂದ ಹುಟ್ಟಿದವೆಂದು ತೋರಿಸುವ ಶಕ್ತಿ ಇಂತಹ ದಾಖಲೆಗೆ ಇದೆ. ಆ ದಾಖಲೆಗೆ ಪ್ರಶ್ನೆ ಕೇಳಬಲ್ಲ ವೈದ್ಯೆಯೊಬ್ಬರು ಫ್ಲಿಂಟಿನಲ್ಲಿದ್ದರು.

ಅದೇ ಎಪಿಕ್ ತಂತ್ರಾಂಶವನ್ನು ಬಳಸುತ್ತಿದ್ದ, ಅಮೆರಿಕದ ಅತ್ಯುತ್ತಮ ಆಸ್ಪತ್ರೆಗಳಲ್ಲೊಂದಾದ ಸ್ಯಾನ್ ಫ್ರಾನ್ಸಿಸ್ಕೋದ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 2013ರಲ್ಲಿ ನಡೆದ ಪ್ರಸಂಗವು ಇದಕ್ಕೆ ವಿರುದ್ಧವಾದ ಪಾಠವನ್ನು ಹೇಳುತ್ತದೆ. ಅಲ್ಲಿನ ವೈದ್ಯರೇ ಆದ ರಾಬರ್ಟ್ ವಾಕ್ಟರ್ ಅವರು ಆಸ್ಪತ್ರೆಯ ಒಪ್ಪಿಗೆಯಿಂದಲೇ ಅದನ್ನು ಮರೆಮಾಚದೆ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಹದಿನಾರು ವರ್ಷದ ಬಾಲಕನೊಬ್ಬನಿಗೆ ಸೆಪ್ಟ್ರಾ ಎಂಬ ಸಾಮಾನ್ಯ ಔಷಧದ ಒಂದು ಮಾತ್ರೆ ಕೊಡಬೇಕಾಗಿದ್ದಿತು. ಅವನ ತೂಕ 40 ಕಿಲೋಗ್ರಾಮಿಗಿಂತ ಸ್ವಲ್ಪ ಕಡಮೆ. ಅಷ್ಟು ತೂಕವಿಲ್ಲದವರಿಗೆ ತೂಕದ ಲೆಕ್ಕದಲ್ಲಿಯೇ ಪ್ರಮಾಣವನ್ನು ಬರೆಯಬೇಕೆಂಬುದು ನಿಯಮ. ಲೆಕ್ಕ ಮಾಡಿದ ಪ್ರಮಾಣವು ಮಾತ್ರೆಯ ಪ್ರಮಾಣಕ್ಕೆ ಸರಿಹೊಂದಲಿಲ್ಲವಾಗಿ, ಆದೇಶವನ್ನು 160 ಮಿಲಿಗ್ರಾಮಿಗೆ ತಿದ್ದಬೇಕೆಂದು ಫಾರ್ಮಸಿಸ್ಟ್ ಕೇಳಿಕೊಂಡರು. ಯುವ ವೈದ್ಯೆ 160 ಎಂದು ಒತ್ತಿದರು. ಆದರೆ ಆ ಕ್ಷಣದಲ್ಲಿ ಪರದೆಯ ಆ ಚೌಕವು ಎಣಿಸುತ್ತಿದ್ದುದು ಬರಿಯ ಮಿಲಿಗ್ರಾಮನ್ನಲ್ಲ, ದೇಹತೂಕದ ಪ್ರತಿಯೊಂದು ಕಿಲೋಗ್ರಾಮಿಗೂ ಇಷ್ಟು ಮಿಲಿಗ್ರಾಮೆಂಬುದನ್ನು. ಒಂದು ಮಾತ್ರೆಯ ಆದೇಶ ಮೂವತ್ತೆಂಟೂವರೆ ಮಾತ್ರೆಗಳ ಆದೇಶವಾಯಿತು. ಕಂಪ್ಯೂಟರು ಎಚ್ಚರಿಕೆ ಕೊಡದೆ ಇರಲಿಲ್ಲ. ಆದರೆ ಅಂತಹ ಎಚ್ಚರಿಕೆಗಳು ದಿನವಿಡೀ, ಬಹುಪಾಲು ನಿಷ್ಕಾರಣವಾಗಿ, ಎಲ್ಲರ ಪರದೆಗಳ ಮೇಲೂ ಮೂಡುತ್ತಿದ್ದವಾದ್ದರಿಂದ ವೈದ್ಯೆಯೂ ಫಾರ್ಮಸಿಸ್ಟರೂ ಅದನ್ನು ಸರಿಸಿ ಮುಂದೆ ಹೋದರು. ಮಾತ್ರೆಗಳನ್ನು ಎಣಿಸುವ ಯಂತ್ರ ಅಷ್ಟನ್ನೂ ಎಣಿಸಿ ಕಟ್ಟಿತು. ನರ್ಸಿಗೆ ಸಂದೇಹ ಬಂದಿತು, ಬಾರ್‌ಕೋಡನ್ನು ತೋರಿಸಿ ನೋಡಿದರು, ಯಂತ್ರವು ಸರಿಯೆಂದಿತು, ಬಾಲಕನು ಅಷ್ಟನ್ನೂ ನುಂಗಿದನು. ಅಪಸ್ಮಾರದಂತಹ ಸೆಳೆತಕ್ಕೆ ಸಿಕ್ಕಿ, ಪುಣ್ಯವಶಾತ್ ಬದುಕಿದನು.

ಇಲ್ಲಿ ಯಾರೊಬ್ಬರೂ ಕರ್ತವ್ಯವನ್ನು ಅಲಕ್ಷಿಸಿದವರಲ್ಲವೆಂಬುದನ್ನು ಗಮನಿಸಬೇಕು. ಕಾಗದದ ಕಾಲದಲ್ಲಾಗಿದ್ದರೆ ಮೂವತ್ತೆಂಟೂವರೆ ಮಾತ್ರೆಯ ಚೀಟಿಯನ್ನು ನೋಡಿದ ಯಾವ ಕಾಂಪೌಂಡರನೂ ಬೆಚ್ಚಿ ವೈದ್ಯನ ಬಳಿಗೆ ಹೋಗುತ್ತಿದ್ದನು. ಯಂತ್ರವು ಪರಿಶೀಲಿಸಿದೆಯೆಂಬ ನಂಬಿಕೆ ಮನುಷ್ಯರ ಸಹಜವಾದ ಸಂಶಯವನ್ನು ಮೌನಗೊಳಿಸಿತು. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ರಕ್ತದ ತೀವ್ರ ಸೋಂಕನ್ನು ಮುಂದಾಗಿ ಸೂಚಿಸಬೇಕಾಗಿದ್ದ ಎಪಿಕ್ ಕಂಪನಿಯ ಗಣನಾವಿಧಾನವು ಆ ರೋಗಿಗಳಲ್ಲಿ ಮೂರರಲ್ಲಿ ಎರಡು ಪಾಲಿನವರನ್ನು ಗುರುತಿಸಲಿಲ್ಲವೆಂದೂ, ಆದರೂ ಅನವಶ್ಯಕವಾದ ಎಚ್ಚರಿಕೆಗಳನ್ನು ಹೇರಳವಾಗಿ ಕೊಟ್ಟಿತೆಂದೂ ತಿಳಿದುಬಂದಿತು. ಎಚ್ಚರಿಕೆಯ ಬೆಲೆ ಅದರ ವಿರಳತೆಯಲ್ಲಿದೆ.

ಇದಕ್ಕಿಂತಲೂ ವ್ಯಾಪಕವಾದ ದೂರು ಇನ್ನೊಂದು. ರೋಗಿಯ ಮುಖವನ್ನು ನೋಡಬೇಕಾದ ವೈದ್ಯನ ಕಣ್ಣು ಪರದೆಗೆ ಅಂಟಿಕೊಂಡಿತು. ರೋಗಿಯೊಡನೆ ಕಳೆದ ಒಂದೊಂದು ಗಂಟೆಗೂ ಸುಮಾರು ಎರಡು ಗಂಟೆ ಕಂಪ್ಯೂಟರಿನ ಮುಂದೆಯೂ ಮೇಜಿನ ಕೆಲಸದಲ್ಲಿಯೂ ಹೋಗುವುದೆಂದು 2016ರಲ್ಲಿ ಪ್ರಕಟವಾದ ಅಧ್ಯಯನವು ಗಡಿಯಾರ ಹಿಡಿದು ಅಳೆದು ಹೇಳಿತು. ತುರ್ತುಚಿಕಿತ್ಸೆಯ ವೈದ್ಯನೊಬ್ಬನು ಹತ್ತು ಗಂಟೆಯ ಪಾಳಿಯಲ್ಲಿ ಸುಮಾರು 4,000 ಬಾರಿ ಮೌಸನ್ನು ಒತ್ತಬೇಕಾಗುವುದೆಂದು 2013ರ ಮತ್ತೊಂದು ಅಧ್ಯಯನ ಲೆಕ್ಕ ಹಾಕಿತ್ತು. ಇದರ ಹೊಣೆಯೆಲ್ಲ ತಂತ್ರಾಂಶದ ಮೇಲೆಯೇ ಹೊರಿಸಬೇಕೆ? 2018ರಲ್ಲಿ ಮೂವರು ವೈದ್ಯರು ಬೆಳಕಿಗೆ ತಂದ ಒಂದು ಸಂಗತಿ ಈ ಪ್ರಶ್ನೆಯನ್ನು ಬಿಡಿಸಲು ನೆರವಾಗುತ್ತದೆ: ಎಪಿಕ್ ತಂತ್ರಾಂಶವನ್ನೇ ಬಳಸುವ ಇತರ ದೇಶಗಳ ವೈದ್ಯರು ಬರೆಯುವ ಟಿಪ್ಪಣಿಗಿಂತ ಅಮೆರಿಕದ ವೈದ್ಯರ ಟಿಪ್ಪಣಿಯು ಸರಾಸರಿ ಸುಮಾರು ನಾಲ್ಕು ಪಟ್ಟು ಉದ್ದವಾಗಿರುತ್ತದೆ. ಯಂತ್ರ ಒಂದೇ, ಬರೆಯುವ ವೈದ್ಯನ ವಿದ್ಯೆಯೂ ಒಂದೇ. ಬೇರೆಯಾದುದು ಟಿಪ್ಪಣಿಯನ್ನು ಓದುವವನು. ಅಮೆರಿಕದಲ್ಲಿ ವಿಮೆಯವರು ಹಣ ಕೊಡುವುದಕ್ಕೆ ಮುನ್ನ, ಎಷ್ಟು ಅಂಗಗಳನ್ನು ಪರೀಕ್ಷಿಸಿದಿರಿ, ಎಷ್ಟು ಪ್ರಶ್ನೆಗಳನ್ನು ಕೇಳಿದಿರಿ ಎಂಬುದಕ್ಕೆ ಲಿಖಿತ ಸಾಕ್ಷ್ಯವನ್ನು ಕೇಳುತ್ತಿದ್ದರು; ಆದುದರಿಂದ ಟಿಪ್ಪಣಿಯು ಮುಂದಿನ ವೈದ್ಯನಿಗಾಗಿ ಬರೆದ ಚಿಂತನೆಯಾಗದೆ, ಗುಮಾಸ್ತನಿಗಾಗಿ ಬರೆದ ರುಜುವಾತಾಯಿತು; ನಿನ್ನೆಯ ಟಿಪ್ಪಣಿಯನ್ನೇ ಇಂದು ನಕಲು ಮಾಡಿ ಅಂಟಿಸುವ ಅಭ್ಯಾಸ ಹಬ್ಬಿತು; ವೀಡ್ ಅವರು ಬಯಸಿದ್ದ ಸಮಸ್ಯೆಗಳ ಪಟ್ಟಿಯು ಕಳೆ ತುಂಬಿ, ನಿಜವಾದ ರೋಗವಾವುದೆಂದು ಅದರಲ್ಲಿ ಹುಡುಕಬೇಕಾಯಿತು. ಈ ನಿಯಮಗಳನ್ನು ಮೊದಲು ಹೊರರೋಗಿಗಳ ಮಟ್ಟಿಗೆ 2021ರ ಜನವರಿಯಿಂದ ಸಡಿಲಗೊಳಿಸಿದರು.

ಹಾಗೆಂದು ಕಂಪನಿಯನ್ನು ಪೂರ್ಣವಾಗಿ ದೋಷಮುಕ್ತವೆನ್ನಲೂ ಆಗದು. ವಿಮೆಯ ಲೆಕ್ಕಾಚಾರದ ಗೊಡವೆಯೇ ಅಷ್ಟಾಗಿ ಇಲ್ಲದ ಡೆನ್ಮಾರ್ಕ್ ದೇಶದಲ್ಲಿ, ರಾಜಧಾನಿಯ ಪ್ರಾಂತವೂ ಜೀಲೆಂಡ್ ಪ್ರಾಂತವೂ 2016ರಿಂದ ಎಪಿಕ್ ವ್ಯವಸ್ಥೆಯನ್ನು ತಂದಾಗ, ಕೆಲಸದ ವೇಗ ಕುಂದಿತು, ವೈದ್ಯರು ಬಹಿರಂಗವಾಗಿ ಪ್ರತಿಭಟಿಸಿದರು. ದೇಶದ ಲೆಕ್ಕಪರಿಶೋಧಕರು 2018ರಲ್ಲಿ ಅನುಷ್ಠಾನದ ರೀತಿಯನ್ನು ಟೀಕಿಸಿ ವರದಿಯಿತ್ತರು. ಒಂದು ದೇಶದ ಆಸ್ಪತ್ರೆಗಳ ಅಭ್ಯಾಸಗಳಿಗೆ ಹೊಂದಿ ಬೆಳೆದ ವ್ಯವಸ್ಥೆಯು ಇನ್ನೊಂದು ದೇಶಕ್ಕೆ ಹೋಗುವಾಗ, ಆ ಅಭ್ಯಾಸಗಳನ್ನೂ ಬೆನ್ನಿಗೆ ಕಟ್ಟಿಕೊಂಡೇ ಹೋಗುತ್ತದೆ.

ಇದಕ್ಕೆ ಪ್ರತಿಯಾಗಿ, ವೈದ್ಯರ ಪಕ್ಕದಲ್ಲಿಯೇ ಕುಳಿತು ಕಟ್ಟಿದ ವ್ಯವಸ್ಥೆಯೊಂದು ಅಮೆರಿಕದಲ್ಲಿಯೇ ಇದ್ದಿತು. ನಿವೃತ್ತ ಸೈನಿಕರ ಸರಕಾರಿ ಆಸ್ಪತ್ರೆಗಳಲ್ಲಿ 1970ರ ದಶಕದ ಕೊನೆಯಿಂದ, ಕೆಲಮಂದಿ ಪ್ರೋಗ್ರಾಮರುಗಳು ಮೇಲಧಿಕಾರಿಗಳ ವಿರೋಧವನ್ನೂ ಲೆಕ್ಕಿಸದೆ, ಅದೇ ಮಂಪ್ಸ್ ಭಾಷೆಯಲ್ಲಿ ತುಂಡು ತುಂಡಾಗಿ ಬರೆದು ಬೆಳೆಸಿದ ವಿಸ್ಟಾ ಎಂಬ ಆ ತಂತ್ರಾಂಶವನ್ನು ವೈದ್ಯರು ಬಹುವಾಗಿ ಮೆಚ್ಚಿದ್ದರು. ಅದು ಸಾರ್ವಜನಿಕರ ಸೊತ್ತಾದ್ದರಿಂದ ಯಾರು ಬೇಕಾದರೂ ಬಳಸಬಹುದಾಗಿದ್ದಿತು. ವಯಸ್ಸಾಯಿತೆಂದು ಅದನ್ನು ಕೈಬಿಡಲು ನಿಶ್ಚಯಿಸಿ, ಎಪಿಕ್ ಹುಟ್ಟಿದ 1979ರಲ್ಲಿಯೇ ಹುಟ್ಟಿದ ಸರ್ನರ್ ಎಂಬ ಪ್ರತಿಸ್ಪರ್ಧಿ ಕಂಪನಿಯೊಡನೆ ಸರಕಾರವು 2018ರಲ್ಲಿ 1,000 ಕೋಟಿ ಡಾಲರುಗಳ ಒಪ್ಪಂದ ಮಾಡಿಕೊಂಡಿತು. ಬೆಂಗಳೂರಿಗೂ ಈ ಕಂಪನಿಗೂ ಸಂಬಂಧವಿದೆ. ನಮ್ಮ ನಗರದ ಬಹುಸಂಖ್ಯೆಯ ಎಂಜಿನಿಯರುಗಳು ಅದರ ಇಲ್ಲಿಯ ಕಚೇರಿಯಲ್ಲಿ ದುಡಿದಿದ್ದಾರೆ. 2022ರಲ್ಲಿ ಒರಾಕಲ್ ಎಂಬ ದೊಡ್ಡ ತಂತ್ರಾಂಶ ಕಂಪನಿಯು ಸರ್ನರನ್ನು ಕೊಂಡುಕೊಂಡಿತು. ಹೊಸ ವ್ಯವಸ್ಥೆಯನ್ನು ಮೊದಲು ನೆಲೆಗೊಳಿಸಿದ ಸ್ಪೋಕೇನ್ ನಗರದ ಆಸ್ಪತ್ರೆಯಲ್ಲಿ, ವೈದ್ಯರು ಬರೆದ 11,000ಕ್ಕೂ ಹೆಚ್ಚಿನ ಆದೇಶಗಳು ಹೋಗಬೇಕಾದಲ್ಲಿಗೆ ಹೋಗದೆ, ಯಾರೂ ನೋಡದ ಒಂದು ಮೂಲೆಯ ಸಾಲಿನಲ್ಲಿ ಸೇರಿಕೊಂಡಿದ್ದವೆಂದೂ, ಅದರಿಂದ 149 ಮಂದಿಗೆ ಹಾನಿಯಾಯಿತೆಂದೂ ನಿವೃತ್ತ ಸೈನಿಕರ ಇಲಾಖೆಯ ತನಿಖಾಧಿಕಾರಿಗಳು 2022ರಲ್ಲಿ ವರದಿ ಮಾಡಿದರು. ಮರುವರ್ಷ ಸರಕಾರ ವಿಸ್ತರಣೆಯ ಕೆಲಸವನ್ನು ತಡೆಹಿಡಿಯಿತು.

ದಾಖಲೆ ಯಾರದ್ದೆಂಬ ಪ್ರಶ್ನೆಯೂ ಇದರೊಡನೆಯೇ ಬರುತ್ತದೆ. ರೋಗಿಯು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋದಾಗ ಅವನ ದಾಖಲೆ ಹಿಂದೆಯೇ ಉಳಿಯುತ್ತಿದ್ದಿತು. ಎರಡೂ ಆಸ್ಪತ್ರೆಗಳು ಎಪಿಕ್ ಗಿರಾಕಿಗಳಾಗಿದ್ದರೆ ಸುಲಭವಾಗಿ ಸಿಗುತ್ತಿದ್ದುದು, ಬೇರೆ ಬೇರೆ ಕಂಪನಿಗಳ ಗಿರಾಕಿಗಳಾಗಿದ್ದರೆ ದುರ್ಲಭವಾಗುತ್ತಿದ್ದಿತು. ದಾಖಲೆಯ ಹಂಚಿಕೆಯನ್ನು ಹೀಗೆ ತಡೆಯುವುದನ್ನು ಅಮೆರಿಕದ 2016ರ ಶಾಸನವೊಂದು ನಿಷೇಧಿಸಿತು. 2021ರ ಏಪ್ರಿಲಿನಿಂದ ಜಾರಿಗೆ ಬಂದ ನಿಯಮದಂತೆ, ವೈದ್ಯರು ಬರೆದ ಟಿಪ್ಪಣಿಯನ್ನು ರೋಗಿಯು ತಡವಿಲ್ಲದೆ ತಾನೇ ಓದುವ ಹಕ್ಕನ್ನು ಪಡೆದನು. ಈ ನಿಯಮ ರೂಪುಗೊಳ್ಳುತ್ತಿದ್ದಾಗ ಎಪಿಕ್ ಕಂಪನಿ ಅದನ್ನು ವಿರೋಧಿಸಿತು. ರೋಗಿಗಳ ಗೋಪ್ಯವು ಮೊಬೈಲ್ ಆ್ಯಪುಗಳ ಕೈಗೆ ಸಿಕ್ಕಿ ಮಾರಾಟವಾದೀತೆಂಬುದು ಅದು ಮುಂದಿಟ್ಟ ಕಾರಣ. ಆ ಭಯ ನಿರಾಧಾರವಾದುದಲ್ಲ. ಆದರೆ ರೋಗಿಯ ಗೋಪ್ಯವನ್ನು ರೋಗಿಯಿಂದಲೇ ಮರೆಮಾಡಿ ಕಾಪಾಡುವುದು ಸಲ್ಲದು ಎಂದೇ ನಾನು ತಿಳಿಯುತ್ತೇನೆ.

ನಮ್ಮ ದೇಶದಲ್ಲಿ ಈ ಕೆಲಸ ಬೇರೊಂದು ಬಗೆಯಲ್ಲಿ ಆರಂಭವಾಗಿದೆ. 2021ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್, ಬಯಸಿದ ಪ್ರತಿಯೊಬ್ಬರಿಗೂ 14 ಅಂಕಿಗಳ ಆಭಾ ಸಂಖ್ಯೆಯನ್ನು ಕೊಟ್ಟು, ದಾಖಲೆಗಳನ್ನೆಲ್ಲ ಒಂದು ಉಗ್ರಾಣದಲ್ಲಿ ತುಂಬದೆ ಹುಟ್ಟಿದ ಆಸ್ಪತ್ರೆಯಲ್ಲಿಯೇ ಇರಿಸಿ, ರೋಗಿ ಒಪ್ಪಿದಾಗ ಮಾತ್ರ ಇನ್ನೊಬ್ಬ ವೈದ್ಯರಿಗೆ ಕಾಣಿಸುವ ಮಾರ್ಗವನ್ನು ಹಿಡಿದಿದೆ. ಇದು ತತ್ತ್ವದಲ್ಲಿ ಮೆಚ್ಚತಕ್ಕ ಮಾರ್ಗ. ಛತ್ತೀಸಗಢದ ಗನಿಯಾರಿ ಗ್ರಾಮದ ಜನ ಸ್ವಾಸ್ಥ್ಯ ಸಹಯೋಗ ಆಸ್ಪತ್ರೆಯಲ್ಲಿ ಒಂದು ದಶಕದ ಹಿಂದೆಯೇ, ಬಡವರ ಆಸ್ಪತ್ರೆಗೆ ಹೊಂದುವಂತೆ ರೂಪಿಸಿದ ಬಹ್ಮನಿ ಎಂಬ ಮುಕ್ತ ತಂತ್ರಾಂಶ ನಮ್ಮವರ ಕೈಯಲ್ಲಿಯೇ ಹುಟ್ಟಿತು. ಕರ್ನಾಟಕದಲ್ಲಿ ಮಾನಸಿಕ ಆರೋಗ್ಯದ ದಾಖಲೆಗಳಿಗೆಂದು ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯೂ ನಿಮ್ಹಾನ್ಸ್ ಸಂಸ್ಥೆಯೂ ಸೇರಿ ಇ-ಮಾನಸ್ ವ್ಯವಸ್ಥೆಯನ್ನು ಕಟ್ಟಿವೆ. ಮನೋರೋಗವು ಇಂದಿಗೂ ಮನೆತನದ ಕಳಂಕವೆನ್ನಿಸಿಕೊಳ್ಳುವ ಸಮಾಜದಲ್ಲಿ ಅಂತಹ ದಾಖಲೆಯ ಗೋಪ್ಯವೆಂಬುದು ಎಷ್ಟು ಭಾರವಾದ ಹೊಣೆಯೆಂಬುದನ್ನು ಹೇಳಬೇಕಾಗಿಲ್ಲ. ದಾಖಲೆಯ ಭದ್ರತೆಯ ಹೊಣೆಯೂ ಅಷ್ಟೇ ಭಾರವಾದುದು: 2022ರ ನವೆಂಬರ್ 23ರಂದು ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಕಂಪ್ಯೂಟರುಗಳನ್ನು ದುಷ್ಕರ್ಮಿಗಳು ಹೊರಗಿನಿಂದ ಬೀಗ ಹಾಕಿದಂತೆ ಮುಚ್ಚಿಬಿಟ್ಟಾಗ, ದೇಶದ ಆ ಮಹಾ ಆಸ್ಪತ್ರೆಯಲ್ಲಿ ದಿನಗಟ್ಟಲೆ ರೋಗಿಗಳ ಹೆಸರನ್ನು ಕೈಯಿಂದಲೇ ಬರೆದುಕೊಳ್ಳಬೇಕಾಯಿತು.

ಈ ವರ್ಷಗಳಲ್ಲಿ ನಮ್ಮ ಜಿಲ್ಲಾಸ್ಪತ್ರೆಗಳೂ ಟ್ರಸ್ಟಿನ ಆಸ್ಪತ್ರೆಗಳೂ ಒಂದಲ್ಲ ಒಂದು ಕಂಪನಿಯೊಡನೆ ಇಂತಹ ಒಪ್ಪಂದಕ್ಕೆ ಸಹಿ ಹಾಕಲಿವೆ. ಬೆಲೆಯ ಮಾತು ಟೆಂಡರಿನಲ್ಲಿ ಹೇಗೂ ಬರುತ್ತದೆ. ಬರಬೇಕಾದ ಬೇರೆ ಮಾತುಗಳಿವೆ. ಒಪ್ಪಂದ ಮುಗಿದ ದಿನ ಇಷ್ಟು ವರ್ಷಗಳ ದಾಖಲೆಗಳನ್ನು ಮತ್ತೊಂದು ತಂತ್ರಾಂಶವು ಓದಬಲ್ಲ ರೂಪದಲ್ಲಿ ಕಂಪನಿಯು ಹಿಂದಿರುಗಿಸಬೇಕು, ಅದಕ್ಕೆ ಬೇರೆ ಹಣ ಕೇಳಬಾರದು. ತಂತ್ರಾಂಶದಿಂದ ರೋಗಿಗೆ ಅಪಾಯವಾದ ಪ್ರಸಂಗವನ್ನು ಆಸ್ಪತ್ರೆಯು ಇತರ ಆಸ್ಪತ್ರೆಗಳಿಗೆ ತಿಳಿಸದಂತೆ ಬಾಯಿ ಕಟ್ಟುವ ಷರತ್ತು ಇರಕೂಡದು. ಅಮೆರಿಕದಲ್ಲಿ ಅಂತಹ ಷರತ್ತುಗಳನ್ನು ಕಾನೂನೇ ನಿಷೇಧಿಸಬೇಕಾಗಿ ಬಂದಿತು. ಯಾವ ಎಚ್ಚರಿಕೆಗಳು ಮೂಡಬೇಕು, ಯಾವುವು ಬೇಡ ಎಂಬುದನ್ನು ಆಸ್ಪತ್ರೆಯ ವೈದ್ಯರೂ ಫಾರ್ಮಸಿಸ್ಟರೂ ಕೂಡಿ ನಿರ್ಣಯಿಸಿ, ಕಾಲಕಾಲಕ್ಕೆ ತಿದ್ದುವ ಅಧಿಕಾರ ಅವರಿಗೇ ಇರಬೇಕು. ಇಷ್ಟರ ಮೇಲೆ, ಸಹಿ ಬೀಳುವುದಕ್ಕೆ ಮುಂಚೆ, ಬೆಳಗಿನಿಂದ ನೂರಾರು ರೋಗಿಗಳು ಚೀಟಿ ಹಿಡಿದು ನಿಲ್ಲುವ ಹೊರರೋಗಿ ವಿಭಾಗದಲ್ಲಿಯೂ, ನರ್ಸೊಬ್ಬರೇ ಇಡೀ ವಾರ್ಡನ್ನು ನೋಡಿಕೊಳ್ಳುವ ರಾತ್ರಿಯ ಪಾಳಿಯಲ್ಲಿಯೂ ಆ ತಂತ್ರಾಂಶವನ್ನು ಕೆಲವು ದಿನ ನಡೆಸಿ ನೋಡಿ, ಬೇಡವೆಂದು ಹೇಳುವ ಅಧಿಕಾರವನ್ನು ಅದನ್ನು ಬಳಸಿದವರಿಗೆ ಕೊಡಬೇಕು.